ಬೊಂಬೆಯ ರೈಲು, ನಿಜದ ಊರು

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳನ್ನು ನೀವೆಲ್ಲ ಬಲ್ಲಿರಿ. ಪಟ್ಟದ ಬೊಂಬೆಗಳ ಕೆಳಗೆ, ನೆಲದ ಮೇಲೆ, ಮಕ್ಕಳು ರಾಗಿಯ ಪೈರು ಬೆಳೆಸಿ, ಕನ್ನಡಿಯ ಚೂರನ್ನು ಕೆರೆಯಾಗಿಸಿ, ಅದರ ದಂಡೆಯಲ್ಲಿ ಒಂದು ತಗಡಿನ ರೈಲನ್ನು ನಿಲ್ಲಿಸುತ್ತಾರೆ. ಆ ರೈಲು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಲವು ಹವ್ಯಾಸಿಗಳು ಆ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿಕೊಂಡರು. ರೈಲಿಗೆ ಒಂದು ಊರನ್ನೂ ಆ ಊರಿಗೆ ಒಂದು ಕಾಲವನ್ನೂ ಗೊತ್ತುಮಾಡಿದರು. ಆಟಿಕೆ ಅಲ್ಲಿಂದ ಮುಂದೆ ಚರಿತ್ರೆಯ ಕೆಲಸಕ್ಕೆ ತೊಡಗಿತು.

ಜರ್ಮನಿಯ ಮ್ಯಾರ್ಕ್ಲಿನ್ ಸಂಸ್ಥೆ ಆಟದ ರೈಲಿನ ಹಳಿಗಳಿಗೆ ಗೊತ್ತಾದ ಅಳತೆಗಳನ್ನು ತಂದದ್ದು 1891ರಲ್ಲಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು 1920ರಲ್ಲಿ ಮಾರುಕಟ್ಟೆಗೆ ತಂದನು. ಇವೆರಡರ ನಡುವೆ, 1910ರಲ್ಲಿ, ಲಂಡನ್ನಿನಲ್ಲಿ 'ಮಾಡೆಲ್ ರೈಲ್ವೆ ಕ್ಲಬ್' ಎಂಬ ಸಂಘವೊಂದು ಹುಟ್ಟಿತು. ಅದರ ಸ್ವಂತ ಕಟ್ಟಡ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಸಮೀಪದಲ್ಲಿದೆ. ಈ ಸಂಘದ ಸದಸ್ಯರು 1980ರ ದಶಕದಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. ತಮ್ಮ ನೆರೆಯಲ್ಲೇ ಇದ್ದ ಕೈಗಾರಿಕಾ ಪ್ರದೇಶವನ್ನು, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅದು ಹೇಗಿತ್ತೋ ಹಾಗೆ, ಮೇಜಿನ ಮೇಲೆ ಕಟ್ಟಲು ತೊಡಗಿದರು. ಆ ಮಾದರಿಯ ಹೆಸರು 'ಕೋಪನ್‌ಹೇಗನ್ ಫೀಲ್ಡ್ಸ್'.

ಅದರ ಪ್ರಮಾಣವನ್ನು ಕೇಳಿ. ನಿಜದ ಒಂದು ಅಡಿಗೆ ಇಲ್ಲಿ ಎರಡು ಮಿಲಿಮೀಟರು. ಆರಡಿಯ ಆಳು ಹನ್ನೆರಡು ಮಿಲಿಮೀಟರಿನ ಬೊಂಬೆಯಾಗುತ್ತಾನೆ. ಹಳಿಗಳ ನಡುವಣ ಅಂತರ ಒಂದು ಸೆಂಟಿಮೀಟರಿಗಿಂತ ಕಡಿಮೆ. ಹೀಗಿದ್ದರೂ ಒಂದು ಮೈಲಿ ದಾರಿಗೆ ಹತ್ತೂವರೆ ಮೀಟರು ಉದ್ದದ ಜಾಗ ಬೇಕು. ಆದುದರಿಂದ ಹಿಂದಿನ ಸಾಲಿನ ಮನೆಗಳನ್ನು ಮುಂದಿನವಕ್ಕಿಂತ ಕ್ರಮೇಣ ಕಿರಿದಾಗಿಸಿ ಕಣ್ಣಿಗೆ ದೂರದ ಭ್ರಮೆ ಹುಟ್ಟಿಸಿದ್ದಾರೆ. ನಮ್ಮ ನಾಟಕದ ಕಂಪನಿಗಳ ಪರದೆಯ ಮೇಲಿನ ರಾಜಬೀದಿಯನ್ನು ಕಂಡವರಿಗೆ ಈ ಉಪಾಯ ಅಪರಿಚಿತವಲ್ಲ.

ನನಗೆ ಯಂತ್ರಶಾಸ್ತ್ರ ತಿಳಿಯದು. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆದರೆ ಇಂಥ ಮಾದರಿಕಾರರು ಕೆಲಸಮಾಡುವ ಕ್ರಮವನ್ನು ತಿಳಿದಾಗ, ಇವರು ನಮ್ಮ ಗ್ರಂಥಸಂಪಾದಕರ ದಾಯಾದಿಗಳು ಎನ್ನಿಸಿತು. ಸಂಪಾದಕನು ಓಲೆಯ ಪ್ರತಿಗಳನ್ನು ಕೂಡಿಸುವಂತೆ ಇವರು ಹಳೆಯ ಸರ್ವೆ ನಕ್ಷೆ, ವಿಮಾ ಕಂಪನಿಗಳಿಗಾಗಿ ಬರೆದ ಕಟ್ಟಡಗಳ ನಕ್ಷೆ, ವಿಮಾನದಿಂದ ತೆಗೆದ ಛಾಯಾಚಿತ್ರ ಇವುಗಳನ್ನು ಕೂಡಿಸುತ್ತಾರೆ. ಒಂದರಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ಒರೆಗೆ ಹಚ್ಚುತ್ತಾರೆ. ಗೋಡೆಯ ಎತ್ತರ ತಿಳಿಯದಿದ್ದರೆ ಚಿತ್ರದಲ್ಲಿ ಇಟ್ಟಿಗೆಯ ವರಸೆಗಳನ್ನು ಎಣಿಸುತ್ತಾರೆ. ಇಂಗ್ಲಿಷ್ ಇಟ್ಟಿಗೆಯ ನಾಲ್ಕು ವರಸೆ ಸುಮಾರು ಒಂದು ಅಡಿ.

ಇಬ್ಬರಿಗೂ ಒಂದೇ ಒಂದು ಭೇದವಿದೆ. ಓಲೆಯಲ್ಲಿ ಅಕ್ಷರ ನಷ್ಟವಾಗಿದ್ದರೆ ಸಂಪಾದಕನು ಚುಕ್ಕಿಗಳನ್ನಿಟ್ಟು 'ಗ್ರಂಥಪಾತ' ಎಂದು ಬರೆದು ಮುಂದುವರಿಯಬಹುದು. ತನ್ನ ಊಹೆಯನ್ನು ಕಂಸದಲ್ಲಿಟ್ಟು ಓದುಗನನ್ನು ಎಚ್ಚರಿಸಬಹುದು. ಮಾದರಿಕಾರನಿಗೆ ಆ ಸೌಕರ್ಯವಿಲ್ಲ. ಯಾವ ಚಿತ್ರದಲ್ಲಿಯೂ ಕಾಣದ ಹಿತ್ತಿಲ ಗೋಡೆಯನ್ನೂ ಅವನು ಕಟ್ಟಲೇಬೇಕು. ಕಟ್ಟಿ ಬಣ್ಣ ಬಳಿದ ಮೇಲೆ ಊಹೆಯ ಗೋಡೆಗೂ ದಾಖಲೆಯ ಗೋಡೆಗೂ ನೋಡುವವರಿಗೆ ಅಂತರ ತೋರದು.

ಇನ್ನು ಆ ಸ್ಥಳದ ಕಥೆ. ಕೋಪನ್‌ಹೇಗನ್ ಹೌಸ್ ಎಂಬ ಹಳೆಯ ಪಾನಗೃಹದ ಸುತ್ತಲಿನ ಬಯಲಿಗೆ ಆ ಹೆಸರು ಬಂತು. 1833ರಲ್ಲಿ ಡಾರ್ಸೆಟ್ ಪ್ರಾಂತದ ಟಾಲ್‌ಪಡ್ಲ್ ಎಂಬ ಹಳ್ಳಿಯ ಆರು ಮಂದಿ ಕೃಷಿಕಾರ್ಮಿಕರು ಕೂಲಿಯ ಕಡಿತವನ್ನು ಎದುರಿಸಲು ಸಂಘ ಕಟ್ಟಿದ್ದರು. ಸಂಘದಲ್ಲಿ ಗುಟ್ಟಿನ ಪ್ರಮಾಣ ಮಾಡಿಸಿದರೆಂಬ ಅಪರಾಧ ಹೊರಿಸಿ ಅವರಿಗೆ 1834ರಲ್ಲಿ ಏಳು ವರ್ಷಗಳ ದ್ವೀಪಾಂತರ ಶಿಕ್ಷೆ ವಿಧಿಸಲಾಯಿತು. ಅದೇ ವರ್ಷ ಏಪ್ರಿಲ್ 21ರಂದು ಲಂಡನ್ನಿನ ದುಡಿಯುವ ಜನ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಈ ಬಯಲಿನಲ್ಲಿ ನೆರೆದರು. ಎರಡು ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಹೊತ್ತು ಮೆರವಣಿಗೆಯಲ್ಲಿ ಹೊರಟರು. ಗೃಹಮಂತ್ರಿಯಾಗಿದ್ದ ಮೆಲ್ಬರ್ನ್ ಅಂದು ಅದನ್ನು ಸ್ವೀಕರಿಸಲಿಲ್ಲ. ಆದರೂ 1836ರಲ್ಲಿ ಆ ಆರು ಮಂದಿಗೂ ಕ್ಷಮಾದಾನ ದೊರೆಯಿತು.

ಆಮೇಲೆ ಬಯಲು ಬಯಲಾಗಿ ಉಳಿಯಲಿಲ್ಲ. ಅದರ ಅಡಿಯಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಸುರಂಗ ಹಾದುಹೋಯಿತು. 1852ರಲ್ಲಿ ಕಿಂಗ್ಸ್ ಕ್ರಾಸ್ ನಿಲ್ದಾಣ ತೆರೆಯಿತು. ಮೇಲುಗಡೆ 1855ರಲ್ಲಿ ಎತ್ತರದ ಗಡಿಯಾರ ಗೋಪುರವುಳ್ಳ ದನಗಳ ಸಂತೆ ಬಂತು. ಪಾನಗೃಹವನ್ನು ಅದಕ್ಕಾಗಿ ಕೆಡವಿದರು. ಕಲ್ಲಿದ್ದಲು, ಧಾನ್ಯ, ಆಲೂಗೆಡ್ಡೆಗಳ ಸರಕಿನ ಅಂಗಳಗಳು ಬೆಳೆದವು. ಮಾದರಿ ತೋರಿಸುವ ಪ್ರದೇಶ ಇದು: ಮಸಿ ಹಿಡಿದ ಇಟ್ಟಿಗೆ, ಹೊಗೆಕೊಳವೆ, ಸುರಂಗದಿಂದ ಹೊರಬೀಳುವ ರೈಲು.

ಪ್ರದರ್ಶನದಲ್ಲಿ ಇದರ ಮುಂದೆ ನಿಂತವರು ರೈಲಿಗಾಗಿ ಕಾಯುತ್ತಾರೆ. ಕಾಯುವಷ್ಟು ಹೊತ್ತು ಊರನ್ನು ನೋಡುತ್ತಾರೆ. ಅದೇ ಇದರ ದೊಡ್ಡ ಉಪಕಾರ. ಆದರೆ ಮಾದರಿಗೆ ಒಂದೇ ಕಾಲವನ್ನು ಹಿಡಿದಿಡಲು ಸಾಧ್ಯ. 1834ರ ಆ ಜನಸಮೂಹಕ್ಕೆ ಯುದ್ಧಗಳ ನಡುವಣ ಊರಿನಲ್ಲಿ ಜಾಗವಿಲ್ಲ. ದಾಖಲೆಯಿಲ್ಲದ ಹಿತ್ತಿಲಿಗೆ ಗೋಡೆ ಸಿಕ್ಕಿತು. ದಾಖಲೆಯಿರುವ ಜನರಿಗೆ ಹನ್ನೆರಡು ಮಿಲಿಮೀಟರಿನ ಎಡೆಯೂ ಸಿಕ್ಕಲಿಲ್ಲ. ಇದು ಕಟ್ಟಿದವರ ತಪ್ಪಲ್ಲ. ಕಟ್ಟಡ ಚಿತ್ರಕ್ಕೆ ಸಿಕ್ಕುತ್ತದೆ, ಅಳತೆಗೆ ಸಿಕ್ಕುತ್ತದೆ. ಜನ ನೆರೆದು ಚದರಿದ ಒಂದು ಹಗಲು ಯಾವ ನಕ್ಷೆಯಲ್ಲಿಯೂ ಗುರುತಾಗುವುದಿಲ್ಲ.

ನಿಜದ ಊರು ಈಗ ಬೇರೆಯಾಗಿದೆ. ಧಾನ್ಯದ ಉಗ್ರಾಣಕ್ಕೆ 2011ರಲ್ಲಿ ಕಲಾಶಾಲೆ ಬಂತು. ಕಲ್ಲಿದ್ದಲು ಸುರಿಯುತ್ತಿದ್ದ ಅಂಗಳದಲ್ಲಿ 2018ರಲ್ಲಿ ಅಂಗಡಿಸಾಲುಗಳು ತೆರೆದವು. ಸಂತೆ ಹೋಗಿ ಗಡಿಯಾರ ಗೋಪುರ ಉಳಿದಿದೆ. ದುಡಿಮೆಯ ಊರು ಒಟ್ಟಾಗಿ ಕಾಣಬೇಕಾದರೆ ಆ ಮೇಜಿನ ಮುಂದೆಯೇ ನಿಲ್ಲಬೇಕು.

ಆದರೂ ಸದಸ್ಯರು ತಮ್ಮ ಮಾದರಿಗೆ ನಿಲ್ದಾಣದ ಹೆಸರನ್ನಾಗಲಿ ಸಂತೆಯ ಹೆಸರನ್ನಾಗಲಿ ಇಡದೆ, ಎಂದೋ ಇಲ್ಲವಾದ ಬಯಲಿನ ಹೆಸರನ್ನೇ ಇಟ್ಟರು. ಮಕ್ಕಳಲ್ಲಿ ಯಾರಾದರೂ, "ಇಲ್ಲಿ ಹೊಲವೆಲ್ಲಿದೆ?" ಎಂದು ಕೇಳಿದರೆ ಸಾಕು. ಉತ್ತರ ಹೇಳಹೊರಟವನು 1834ನೆಯ ಇಸವಿಗೆ ಹೋಗಿಯೇ ತೀರಬೇಕು.