ಕಳವಿನ ನಷ್ಟ ಯಾರ ತಲೆಗೆ?

ಕಾರು, ಬೈಕು ಕಳವಾದಲ್ಲೆಲ್ಲ ಕೇಳಿಬರುವ ದೂರು ಒಂದೇ: ಠಾಣೆಯಲ್ಲಿ ಸಿಬ್ಬಂದಿ ಸಾಲದು, ಗಸ್ತು ಬರುವುದಿಲ್ಲ. ದೂರು ಸುಳ್ಳಲ್ಲ. ಆದರೆ ನಮ್ಮ ಹಿಂದಿನವರು ಕಾವಲುಗಾರರ ತಲೆ ಎಣಿಸುವುದಕ್ಕೆ ಮೊದಲು ಬೇರೊಂದನ್ನು ಇತ್ಯರ್ಥ ಮಾಡಿಕೊಳ್ಳುತ್ತಿದ್ದರು: ಕಳ್ಳ ಸಿಗದಿದ್ದರೆ ನಷ್ಟ ತುಂಬಿಕೊಡುವವರು ಯಾರು? ಯಾಜ್ಞವಲ್ಕ್ಯ ಸ್ಮೃತಿಯ ಉತ್ತರ ನೇರವಾಗಿದೆ. ಕಳ್ಳನ ಹೆಜ್ಜೆ ಊರಾಚೆ ಹೋದದ್ದು ಕಾಣದಿದ್ದರೆ ಹೊಣೆ ಊರೊಡೆಯನದು; ಹೆಜ್ಜೆ ಬೇರೆ ಊರಿನ ಎಲ್ಲೆ ಹೊಕ್ಕರೆ ಆ ಊರು ತೆರಬೇಕು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಶಾಸ್ತ್ರದಲ್ಲಿದ್ದದ್ದೆಲ್ಲ ಬೀದಿಯಲ್ಲಿ ನಡೆಯಿತೇ ಎಂದು ಅನುಮಾನಿಸುವವರು 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಬರೆದಿಟ್ಟದ್ದನ್ನು ನೋಡಬೇಕು. ಏಳು ಸುತ್ತಿನ ಕೋಟೆಯೊಳಗೆ ಕಳವಾದದ್ದನ್ನು ಹುಡುಕಿಕೊಡುವುದು ಕಾವಲುಗಾರರ ಕೆಲಸ, ಇಲ್ಲದಿದ್ದರೆ ಅವರಿಗೇ ದಂಡ. ಅವರೆಲ್ಲರ ಸಂಬಳ ಸೇರಿ ದಿನಕ್ಕೆ 12,000 ಪಣ. ಅದು ಬರುತ್ತಿದ್ದುದು ವೇಶ್ಯಾವಾಟಿಕೆಗಳ ಆದಾಯದಿಂದ. ಸಂಪನ್ಮೂಲದ ಕೊರತೆಯನ್ನು ಹೀಗೂ ನೀಗಿಸಬಹುದಿತ್ತು!

ಈ ಪದ್ಧತಿಯನ್ನು ಹೊಗಳುವುದು ಸುಲಭ, ಆದರೆ ಎರಡು ಆಕ್ಷೇಪಗಳು ಅಡ್ಡ ನಿಲ್ಲುತ್ತವೆ. ಕಾವಲುಗಾರನೇ ಕಳ್ಳನ ಜೊತೆ ಪಾಲುದಾರನಾಗಿರುತ್ತಿದ್ದ, ಕಾವಲಿನ ಕಾಣಿಕೆ ಎಂದರೆ ಸುಲಿಗೆಯೇ ಎಂಬುದು ಮೊದಲನೆಯದು. ಕಂಪನಿ ಸರ್ಕಾರದ ಅಧಿಕಾರಿಗಳು ಪಾಳೆಯಗಾರರ ಕಾವಲಿನ ಮೇಲೆ ಹೊರಿಸಿದ ಆರೋಪ ಇದೇ. ಅದರಲ್ಲಿ ನಿಜವಿತ್ತು, ಆದರೆ ಬರೆದವರು ಆ ಕಾವಲನ್ನು ಕಿತ್ತುಹಾಕಲು ಹೊರಟವರೇ ಎಂಬುದನ್ನೂ ಮರೆಯಬಾರದು. ಮದ್ರಾಸ್ ಆಡಳಿತ ಅದರ ಬದಲಿಗೆ ದಾರೋಗಾ ಎಂಬ ಪೊಲೀಸ್ ಅಧಿಕಾರಿಗಳನ್ನು ತಂದು, ಕೆಲಸ ಕೈಗೂಡದೆ, ಥಾಮಸ್ ಮನ್ರೋ ಪಟ್ಟು ಹಿಡಿದ ಮೇಲೆ 1816ರಲ್ಲಿ ಹಳ್ಳಿಯ ಪೊಲೀಸು ಕೆಲಸವನ್ನು ಮತ್ತೆ ಊರ ಮುಖ್ಯಸ್ಥನಿಗೂ ತಳವಾರನಿಗೂ ಒಪ್ಪಿಸಿತು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಹೊಣೆ ಯಾವಾಗಲೂ ಕೆಳಕ್ಕೇ ಜಾರುತ್ತಿತ್ತು. ತನ್ನ ಜೊತೆಗಾರನೊಬ್ಬನ ಗುಲಾಮರು ಓಡಿಹೋದಾಗ ದಂಡ ತೆತ್ತವರು ಬಡವರ ಕೇರಿಯ ಕಾವಲುಗಾರರು ಎಂದು ರಜಾಕನೇ ಹೇಳುತ್ತಾನೆ. ಹಳ್ಳಿಯಲ್ಲಿ ತಳವಾರಿಕೆ ಹುಟ್ಟಿನಿಂದ ಬಂದ ಚಾಕರಿ. ಆಯದ ಕಾಳು, ಇನಾಮಿನ ತುಂಡು ನೆಲ, ಅದಕ್ಕೆ ಪ್ರತಿಯಾಗಿ ಹಗಲೆನ್ನದೆ ಇರುಳೆನ್ನದೆ ಓಡಾಟ. ಅದನ್ನು ಮರಳಿ ತರಬೇಕೆಂದು ಯಾರೂ ಹಂಬಲಿಸಬೇಕಿಲ್ಲ.

ಹಾಗಿದ್ದರೂ ಹೊಣೆಯ ಎಳೆಯೊಂದು ಉಳಿಯುತ್ತದೆ. 1861ರ ಪೊಲೀಸ್ ಕಾಯ್ದೆ ಸರ್ಕಾರಿ ಸಂಬಳದ, ಸಮವಸ್ತ್ರದ ಪಡೆಯನ್ನು ಕೊಟ್ಟಿತು. ಗಲಭೆಯೆದ್ದ ಊರಿಗೆ ಹೆಚ್ಚುವರಿ ಪೊಲೀಸರನ್ನು ಕೂರಿಸಿ ಅದರ ಖರ್ಚನ್ನು ಊರವರಿಂದಲೇ ವಸೂಲು ಮಾಡುವ ಅಧಿಕಾರವೂ ಅದರಲ್ಲಿತ್ತು. ಪೊಲೀಸರಿಗೆ ಕಳವಿನ ಮಾಲು ಸಿಗದಿದ್ದರೆ ಊರವರಿಗೆ ಏನನ್ನಾದರೂ ಕೊಡುವ ಮಾತು ಮಾತ್ರ ಇರಲಿಲ್ಲ. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದಿತು. ತಳವಾರಿಕೆ ಹೋದದ್ದು ನ್ಯಾಯವೇ. ಜೊತೆಗೆ, ಸಿಗದ ಕಳವಿಗೆ ಊರಿನ ಎದುರು ತಲೆ ತಗ್ಗಿಸಬೇಕಾದವನೂ ಹೋದ.

ಗಂಟೆಯೊಳಗೆ ಜಿಲ್ಲೆ ದಾಟುವ ಕಾರಿನ ಹೆಜ್ಜೆಯನ್ನು ಯಾವ ಊರು ಹಿಡಿದೀತು ಎಂದು ಕೇಳಬಹುದು. ಆದರೆ ಹಳೆಯ ನಿಯಮದ ಜೀವವಿದ್ದದ್ದೇ ಎಲ್ಲೆಯಿಂದ ಎಲ್ಲೆಗೆ ಹೊಣೆ ದಾಟಿಸುವುದರಲ್ಲಿ. ಟೋಲ್ ಗೇಟು, ಕ್ಯಾಮೆರಾ, ಚಾಸಿಸ್ ನಂಬರುಗಳೇ ಇಂದಿನ ಹೆಜ್ಜೆಗುರುತು. ದಂಡ ಹಾಕುವುದು ಬೇಡ. ಪತ್ತೆಯಾಗದ ಕಳವಿನ ಪಟ್ಟಿಯನ್ನು ಪ್ರತಿ ಠಾಣೆಯೂ ವರ್ಷಕ್ಕೊಮ್ಮೆ ವಾರ್ಡಿನ ಜನರೆದುರು ಓದಲಿ. ಆಗ ಸಿಬ್ಬಂದಿ ಎಷ್ಟು ಬೇಕೆಂಬ ಮಾತಿಗೂ ಅಳತೆ ಸಿಗುತ್ತದೆ. ಸದ್ಯಕ್ಕೆ ಗಾಡಿ ಸಿಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಸಲ್ಲಿಸುತ್ತಾರೆ, ಮಾಲೀಕ ಅದರ ಪ್ರತಿ ಹಿಡಿದು ವಿಮಾ ಕಂಪನಿಗೆ ಅಲೆಯುತ್ತಾನೆ. ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದವನಿಗೆ ಅದೂ ಇಲ್ಲ.