ಕೊರಳ ಹವಳ, ಕಡಲ ಹವಳ

ಗೋಕಾಕ-ಮೂಡಲಗಿ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಒಡವೆಯ ಡಬ್ಬಿ ತೆರೆದರೆ ಬಂಗಾರದ ಗುಂಡುಗಳ ನಡುವೆ ಒಂದೆರಡು ಕೆಂಪು ಹವಳಗಳು ಕಾಣುವುದುಂಟು. ತಾಳಿಯ ಸರದಲ್ಲಿ ಕರಿಮಣಿಯ ಜೊತೆ ಹವಳ ಪೋಣಿಸುವುದು ಉತ್ತರ ಕರ್ನಾಟಕದ ಹಲವು ಮನೆತನಗಳ ರೂಢಿ. ನವರತ್ನಗಳಲ್ಲಿ ಅದಕ್ಕೊಂದು ಸ್ಥಾನವಿದೆ. ಮಂಗಳ ಗ್ರಹದ ಉಂಗುರಕ್ಕೂ ಅದೇ ಬೇಕು. ಆದರೆ ನಾಗನೂರಿನಿಂದ ಸಮುದ್ರ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಈ ಸೀಮೆಗೆ ಘಟಪ್ರಭೆಯೇ ದೊಡ್ಡ ನೀರು. ಕಡಲನ್ನೇ ಕಾಣದ ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳು ಕಡಲ ಪ್ರಾಣಿಯೊಂದರ ಎಲುಬನ್ನು ಕೊರಳಲ್ಲಿ ಧರಿಸಿ ಬಾಳಿದ್ದಾರೆ.

ಹೌದು, ಹವಳ ಒಂದು ಪ್ರಾಣಿ. ಈಗ ಬೆಂಗಳೂರಿನಂಥ ನಗರಗಳಲ್ಲಿ ಕೆಲವರು ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕುವ ಹವ್ಯಾಸ ಹಚ್ಚಿಕೊಂಡಿದ್ದಾರೆ. ಅವರ ಮುಖ್ಯ ಚಿಂತೆ ಎರಡು: ಹವಳದ ಬಣ್ಣ ಕಳೆಗಟ್ಟುವುದು ಹೇಗೆ? ಅದು ಬೇಗ ಬೆಳೆಯುವಂತೆ ಮಾಡುವುದು ಹೇಗೆ? ಹವ್ಯಾಸಿಯ ಈ ಸಣ್ಣ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಮುನ್ನೂರು ವರ್ಷಗಳ ಹುಡುಕಾಟ ಬೇಕಾಯಿತು. ಆ ಉತ್ತರ ಇಂದು ತೊಟ್ಟಿಗಿಂತ ಸಮುದ್ರಕ್ಕೇ ಹೆಚ್ಚು ಬೇಕಾಗಿದೆ.

ವಜ್ರಕ್ಕೆ ಬದಲು ಹವಳ

ನಮ್ಮ ಒಡವೆಯ ಕೆಂಪು ಹವಳ ಮೂಲತಃ ನಮ್ಮ ಸಮುದ್ರದ್ದಲ್ಲ. ಅದರ ಹಳೆಯ ತವರು ಯುರೋಪ್ ಮತ್ತು ಆಫ್ರಿಕಾಗಳ ನಡುವಿನ ಮೆಡಿಟರೇನಿಯನ್ ಸಮುದ್ರ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿ 'ಪೆರಿಪ್ಲಸ್'ನಲ್ಲಿ, ಭಾರತದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಹವಳವಿದೆ. ರೋಮನ್ನರು ಮುತ್ತಿಗೆ ಕೊಡುವ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತಾರೆಂಬ ಮಾತನ್ನು ಅದೇ ಶತಮಾನದ ಪ್ಲಿನಿ ಬರೆದಿಟ್ಟಿದ್ದಾನೆ.

ಈ ವ್ಯಾಪಾರ ಹದಿನೇಳು ಶತಮಾನಗಳ ಅನಂತರವೂ ನಿಂತಿರಲಿಲ್ಲ. 18ನೆಯ ಶತಮಾನದಲ್ಲಿ ಇಟಲಿಯ ಲಿವೊರ್ನೊ ಬಂದರಿನ ಯೆಹೂದಿ ವರ್ತಕರು ಹವಳವನ್ನು ಗೋವೆಗೆ ಕಳುಹಿಸಿ, ಅದಕ್ಕೆ ಬದಲಾಗಿ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವೆಗೆ ಇಳಿದ ಸರಕು ಘಟ್ಟ ಹತ್ತಿ ಬಯಲುಸೀಮೆಯ ಪೇಟೆಗಳನ್ನು ಸೇರುವುದು ಕಷ್ಟದ ಮಾತಾಗಿರಲಿಲ್ಲ.

ಈ ಕೆಂಪು ಹವಳ ಸಮುದ್ರದ ನೆರಳಿನ ಸಂದುಗಳಲ್ಲಿ, ಮಬ್ಬುಗತ್ತಲೆಯ ಗುಹೆಗಳಲ್ಲಿ ಬೆಳೆಯುತ್ತದೆ. ಅದರ ಬಣ್ಣ ಎಲುಬಿನಲ್ಲೇ ಸೇರಿಕೊಂಡಿರುವುದರಿಂದ ಪ್ರಾಣಿ ಸತ್ತರೂ ಕೆಂಪು ಉಳಿಯುತ್ತದೆ. ಆದರೆ ಅದರ ಕೊಂಬೆ ದಪ್ಪವಾಗುವುದು ವರ್ಷಕ್ಕೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಐದು ಮಿಲಿಮೀಟರಿನ ಒಂದು ಮಣಿಯ ಹಿಂದೆ ಕಡಿಮೆಯೆಂದರೂ ಹತ್ತು ವರ್ಷಗಳ ಬೆಳವಣಿಗೆ ಇದೆ ಎಂದಾಯಿತು.

ಗಿಡವೋ, ಕಲ್ಲೋ?

ಹವಳವೆಂದರೆ ಏನೆಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಸಂಸ್ಕೃತದಲ್ಲಿ ಚಿಗುರಿಗೂ ಹವಳಕ್ಕೂ 'ಪ್ರವಾಳ' ಎಂಬ ಒಂದೇ ಹೆಸರು. ಹಳಗನ್ನಡದ 'ಪವಳ'ವೇ ಇಂದಿನ 'ಹವಳ'. ನೀರಿನಲ್ಲಿ ಗಿಡ, ಹೊರಗೆ ಬಂದರೆ ಕಲ್ಲು ಎಂಬುದು ಹಳೆಯ ಜಗತ್ತಿನ ನಂಬಿಕೆಯಾಗಿತ್ತು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಒಂದು ಪಾತ್ರೆಯ ಸಮುದ್ರ ನೀರು. 18ನೆಯ ಶತಮಾನದ ಆರಂಭದಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸ, ಫ್ರಾನ್ಸಿನ ಮಾರ್ಸೆ ನಗರದ ಬಳಿ ಆಗತಾನೇ ತೆಗೆದ ಹವಳವನ್ನು ಸಮುದ್ರ ನೀರಿನಲ್ಲಿಟ್ಟು ನೋಡಿದ. ಕೊಂಬೆಗಳ ಮೇಲೆ ಬಿಳಿಯ 'ಹೂಗಳು' ಅರಳಿದವು. ಹವಳ ಗಿಡವೆಂಬುದು ಸಿದ್ಧವಾಯಿತೆಂದು ಅವನು ಸಂಭ್ರಮಿಸಿದ. 1720ರ ದಶಕದಲ್ಲಿ ಮಾರ್ಸೆಯ ವೈದ್ಯ ಪೇಸೊನೆಲ್ ಅದೇ 'ಹೂ'ಗಳನ್ನು ಮುಟ್ಟಿ, ಕದಡಿ ನೋಡಿದ. ಅವು ಹುಳುಗಳಂತೆ ಮುದುಡಿಕೊಂಡವು. ಇದು ಗಿಡವಲ್ಲ, ಸಣ್ಣ ಸಣ್ಣ ಪ್ರಾಣಿಗಳ ಕೂಡುಕುಟುಂಬ ಎಂದು ಅವನು ಸಾರಿದ. ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. ಅವನ ವರದಿಯನ್ನು ಸಭೆಯ ಮುಂದಿಟ್ಟ ರಿಯೋಮರ್ ಎಂಬ ದೊಡ್ಡ ವಿಜ್ಞಾನಿ ಅವನ ಹೆಸರನ್ನೇ ಹೇಳಲಿಲ್ಲ. ಪೇಸೊನೆಲ್‌ನ ಮಾತಿಗೆ ಮನ್ನಣೆ ಸಿಗಲು ದಶಕಗಳೇ ಹಿಡಿದವು.

ದಾಸಿಯ ತೋಳೇ ಪಂಪು

ಹವಳವನ್ನು ನಾಲ್ಕು ಗಳಿಗೆ ನೋಡುವುದು ಬೇರೆ, ಮನೆಯಲ್ಲಿಟ್ಟು ಸಾಕುವುದು ಬೇರೆ. ಆ ಸಾಹಸಕ್ಕೆ ಕೈಹಾಕಿದವರಲ್ಲಿ ಮೊದಲಿಗಳು ಲಂಡನ್ನಿನ ಅನ್ನಾ ಥಿನ್ ಎಂಬ ಗೃಹಿಣಿ. 1846ರಲ್ಲಿ ಟಾರ್ಕಿ ಎಂಬ ಕರಾವಳಿ ಊರಿಗೆ ಹೋದಾಗ ಆಕೆ ಅಲ್ಲಿನ ತಣ್ಣೀರಿನ ಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಸಮುದ್ರದ ನೀರನ್ನು ದಿನವೂ ಬದಲಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮನೆಯ ದಾಸಿ ಪ್ರತಿದಿನ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬೇಕಾಗಿತ್ತು. ನಮ್ಮಲ್ಲಿ ಬಿಸಿ ಹಾಲನ್ನು ಎತ್ತಿ ಸುರಿದು ಆರಿಸುವಂತೆಯೇ ಇದು. ಸುರಿಯುವಾಗ ಗಾಳಿ ಬೆರೆತು ನೀರು ಜೀವ ತುಂಬಿಕೊಳ್ಳುತ್ತಿತ್ತು. ಮುಂದೆ ಥಿನ್ ಅದೇ ನೀರಿಗೆ ಸಮುದ್ರದ ಪಾಚಿ ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು. ಇಂದು ವಿದ್ಯುತ್ ಪಂಪು ಮಾಡುವ ಕೆಲಸವನ್ನು ಅಂದು ಆ ದಾಸಿಯ ತೋಳು ಮಾಡಿತ್ತು. ಅವಳ ಹೆಸರು ಮಾತ್ರ ಇತಿಹಾಸಕ್ಕೆ ಮುಖ್ಯವೆನಿಸಲಿಲ್ಲ.

ಏಷ್ಯಾದವರ ಪಾಲೂ ಇದರಲ್ಲಿ ದೊಡ್ಡದು. 1961ರಲ್ಲಿ ಇಂಡೋನೇಷ್ಯದ ಜಕಾರ್ತಾ ನಗರದ ಲೀ ಚಿನ್ ಎಂಗ್, ಬಿಸಿಲು, ಗಾಳಿಯ ಗುಳ್ಳೆ ಮತ್ತು ಸಮುದ್ರದಿಂದ ತಂದ ಜೀವಿಗಳು ತುಂಬಿದ ಕಲ್ಲುಗಳು ಇವಿಷ್ಟರಿಂದಲೇ ಬೆಚ್ಚನೆಯ ಕಡಲಿನ ಹವಳಗಳನ್ನು ಸಾಕಬಹುದೆಂದು ತೋರಿಸಿ ಲೇಖನ ಬರೆದ. ಆ ಕಲ್ಲಿನೊಳಗಿನ ಸೂಕ್ಷ್ಮಜೀವಿಗಳು ನೀರಿನ ಕೊಳೆಯನ್ನು ತಿಂದು ಶುದ್ಧಗೊಳಿಸುತ್ತಿದ್ದವು.

ಒಳಗಿನ ಒಕ್ಕಲು

ಬಣ್ಣದ ಗುಟ್ಟು ಹೊರಬಿದ್ದದ್ದು ಈ ನಡುವಿನ ಅವಧಿಯಲ್ಲಿ. ದಿಬ್ಬಗಳನ್ನು ಕಟ್ಟುವ ಹವಳಗಳು ಒಡವೆಯ ಹವಳದಂತಲ್ಲ. ಅವುಗಳ ಎಲುಬು ಬಿಳಿಯ ಸುಣ್ಣ. ಬಣ್ಣವೆಲ್ಲ ಮೇಲಿನ ತೆಳುವಾದ ಜೀವಂತ ಪದರದಲ್ಲಿದೆ. ಆ ಪದರದ ಕೋಶಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂದು ಬಣ್ಣದ ಪಾಚಿ ವಾಸವಾಗಿರುತ್ತದೆ. ಇದು ಹೊಲದ ಯಜಮಾನ ಮತ್ತು ಒಕ್ಕಲಿನ ಸಂಬಂಧದಂತೆ. ಹವಳ ಜಾಗ ಕೊಡುತ್ತದೆ, ಗೊಬ್ಬರ ಕೊಡುತ್ತದೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಒಪ್ಪಿಸುತ್ತದೆ.

1928-29ರಲ್ಲಿ ಆಸ್ಟ್ರೇಲಿಯಾದ ಮಹಾ ಹವಳದಿಬ್ಬಕ್ಕೆ ಹೋದ ಬ್ರಿಟಿಷ್ ತಂಡವೂ, 1930ರ ದಶಕದಲ್ಲಿ ಪಲಾವು ದ್ವೀಪದ ಕೇಂದ್ರದಲ್ಲಿದ್ದ ಕವಾಗುಟಿ ಮೊದಲಾದ ಜಪಾನಿ ವಿಜ್ಞಾನಿಗಳೂ ಈ ಸಂಬಂಧವನ್ನು ಅಭ್ಯಾಸ ಮಾಡಿದರು. 1950ರ ದಶಕದಲ್ಲಿ ಜಮೈಕಾದಲ್ಲಿ ಥಾಮಸ್ ಗೊರೊ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಅಳೆದಾಗ, ಹವಳ ಕತ್ತಲೆಗಿಂತ ಬೆಳಕಿನಲ್ಲಿ ಬಹಳ ವೇಗವಾಗಿ ಸುಣ್ಣ ಕಟ್ಟುತ್ತದೆ ಎಂಬುದು ಲೆಕ್ಕಸಮೇತ ತಿಳಿಯಿತು.

ಹಾಗಾದರೆ ಹಸಿರು, ನೇರಳೆ, ಕೆಂಪು ಬಣ್ಣಗಳು ಎಲ್ಲಿಂದ ಬಂದವು? ಅವು ಹವಳ ತಾನೇ ತಯಾರಿಸಿಕೊಳ್ಳುವ ಪ್ರೋಟೀನುಗಳು. ಇವುಗಳಲ್ಲಿ ಹಲವು ತೀವ್ರ ಬೆಳಕಿನಿಂದ ಒಳಗಿನ ಪಾಚಿಯನ್ನು ಕಾಪಾಡುವ ಕೊಡೆಯಂತೆ ಕೆಲಸ ಮಾಡುತ್ತವೆ. 1999ರಲ್ಲಿ ರಷ್ಯದ ವಿಜ್ಞಾನಿಗಳು ಹೊಳೆಯುವ ಕೆಂಪು ಪ್ರೋಟೀನೊಂದನ್ನು ಲೋಕಕ್ಕೆ ಪರಿಚಯಿಸಿದರು. ಅದು ಸಿಕ್ಕಿದ್ದು ಯಾವ ಸಮುದ್ರಯಾನದಲ್ಲೂ ಅಲ್ಲ. ಮಾಸ್ಕೋದ ಅಕ್ವೇರಿಯಂ ಹವ್ಯಾಸಿಗಳ ತೊಟ್ಟಿಯ ಹವಳಗಳಲ್ಲಿ. ಇಂದು ಜೀವಕೋಶಗಳ ಒಳಗನ್ನು ನೋಡುವ ಪ್ರಯೋಗಾಲಯಗಳಲ್ಲಿ ಆ ಜಾತಿಯ ಪ್ರೋಟೀನುಗಳು ಬಳಕೆಯಲ್ಲಿವೆ.

ಬಣ್ಣದ ಲೆಕ್ಕ

ಇಷ್ಟು ತಿಳಿದ ಮೇಲೆ ಹವ್ಯಾಸಿಯ ಪ್ರಶ್ನೆಗೆ ಉತ್ತರ ಸುಲಭ. ನೀರಿನಲ್ಲಿ ಗೊಬ್ಬರದ ಅಂಶ, ಅಂದರೆ ನೈಟ್ರೇಟು ಮತ್ತು ಫಾಸ್ಫೇಟು, ಹೆಚ್ಚಾದರೆ ಒಳಗಿನ ಪಾಚಿ ಮಿತಿಮೀರಿ ಬೆಳೆದು ಹವಳ ಮಂಕು ಕಂದಾಗುತ್ತದೆ. ಗೊಬ್ಬರ ಪೂರ್ತಿ ಇಲ್ಲವಾದರೆ ಪಾಚಿ ಸೊರಗಿ ಹವಳ ಬಿಳಿಚಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ಬಣ್ಣದ ಕೊಡೆಗಳ ಅಗತ್ಯವೇ ಬೀಳುವುದಿಲ್ಲ. ನೀಲಿ ಅಂಶ ಹೆಚ್ಚಿರುವ ಬಲವಾದ ಬೆಳಕು ಬಿದ್ದರೆ ಬಣ್ಣ ಏರುತ್ತದೆ. ಆದರೆ ಒಮ್ಮೆಲೇ ಹೆಚ್ಚಿಸಿದರೆ ಹವಳ ಸುಟ್ಟಂತಾಗುತ್ತದೆ.

ಬೆಳವಣಿಗೆಗೆ ಬೇಕಾದದ್ದು ಸುಣ್ಣದ ಸರಬರಾಜು. ಲೀಟರ್ ನೀರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಅದಕ್ಕೆ ತಕ್ಕ ಕ್ಷಾರಗುಣ, ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು, 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಎಡೆಬಿಡದ ನೀರಿನ ಓಡಾಟ. ಇವು ಹಿತವಾಗಿದ್ದರೆ ಕೊಂಬೆ ಜಾತಿಯ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆಯಬಲ್ಲದು; ಗುಂಡು ಜಾತಿಯದು ಒಂದು ಸೆಂಟಿಮೀಟರು ಬೆಳೆದರೆ ಹೆಚ್ಚು. ಅನುಭವಿಗಳು ಹೇಳುವುದು ಒಂದೇ ಮಾತು: ಅಂಕಿ ಎಷ್ಟೆಂಬುದಕ್ಕಿಂತ ಅದು ಏರುಪೇರಾಗದಿರುವುದು ಮುಖ್ಯ.

ಇನ್ನೊಂದು ಎಚ್ಚರಿಕೆಯೂ ಉಂಟು. ಬಣ್ಣ ಹೆಚ್ಚಿದ ಮಾತ್ರಕ್ಕೆ ಹವಳ ಸುಖವಾಗಿದೆ ಎಂದಲ್ಲ. ಬೇಗೆಗೆ ಪಾಚಿಯನ್ನು ಕಳೆದುಕೊಂಡ ಕೆಲವು ಹವಳಗಳು ಸಾಯುವ ಮುನ್ನ ಝಗಝಗಿಸುವ ಬಣ್ಣ ತಳೆಯುವುದುಂಟು. ಅದು ಓಡಿಹೋದ ಪಾಚಿಯನ್ನು ಮರಳಿ ಕರೆತರಲು ಹವಳ ಬಿಡಿಸಿದ ಕೊಡೆ ಎಂದು 2020ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಿಸಿದರು.

ಮಂಗಳೂರು ಆಳಿದ ದ್ವೀಪಗಳು

ತೊಟ್ಟಿಯಲ್ಲಿ ಕಲಿತ ಈ ಪಾಠ ಕನ್ನಡಿಗರಿಗೆ ಏಕೆ ಬೇಕು? ಹವಳದ ದ್ವೀಪಗಳ ಜೊತೆ ನಮಗೆ ಹಳೆಯ ಆಡಳಿತದ ನಂಟಿದೆ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಕೆನರಾಕ್ಕೆ ಸೇರಿಸಿದರು. ಮುಂದೆ 1956ರವರೆಗೆ ಆ ದ್ವೀಪಗಳ ಕಾರಭಾರ ನಡೆದದ್ದು ಮಂಗಳೂರಿನ ಕಲೆಕ್ಟರ್ ಕಚೇರಿಯಿಂದ. ದ್ವೀಪದ ತೆಂಗಿನ ನಾರು ಮಂಗಳೂರಿನ ಧಕ್ಕೆಗೆ ಬರುತ್ತಿತ್ತು. ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ಆ ದ್ವೀಪಗಳ ನೆಲವೆಲ್ಲ ಹವಳವೇ ಕಟ್ಟಿದ ಸುಣ್ಣ.

ಆ ಕಟ್ಟಡ ಈಗ ಸಡಿಲುತ್ತಿದೆ. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಬಿಸಿ ಕೆಲವು ವಾರ ನಿಂತರೂ ಸಾಕು, ಹವಳ ತನ್ನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಕಡಮತ್ ಸೇರಿದಂತೆ ಮೂರು ದ್ವೀಪಗಳಲ್ಲಿ 1998ರಿಂದ 2022ರವರೆಗೆ ನಡೆದ ಅಧ್ಯಯನದಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿರುವುದು ಕಂಡುಬಂತು. ದಿಬ್ಬ ಸವೆದರೆ ಅಲೆಗಳಿಗೆ ತಡೆಯಿಲ್ಲ. ಅಲೆಗಳಿಗೆ ತಡೆಯಿಲ್ಲದಿದ್ದರೆ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ದ್ವೀಪಕ್ಕೆ ಉಳಿಗಾಲವಿಲ್ಲ.

ನಮ್ಮದೇ ಉತ್ತರ ಕನ್ನಡದಲ್ಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ನಾಗನೂರಿನವರು ಕಣ್ಣಾರೆ ಕಾಣಬಹುದಾದ ಹವಳ ಅಲ್ಲಿದೆ. ಅದನ್ನು ನೋಡಬಹುದು, ಕೀಳುವಂತಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲೇ ಇವೆ. ಮನೆಯ ತೊಟ್ಟಿಯ ಆಸೆಗೆ ಸಮುದ್ರದಿಂದ ಒಂದು ಕೊಂಬೆ ಮುರಿದರೂ ಅದು ಅಪರಾಧ.

ಆದರೆ ತೊಟ್ಟಿಯ ವಿದ್ಯೆ ವ್ಯರ್ಥವಾಗಿಲ್ಲ. ಒಂದು ಕೊಂಬೆಯ ತುಂಡಿನಿಂದ ಹೊಸ ಹವಳ ಬೆಳೆಸಬಹುದೆಂಬುದು ಹವ್ಯಾಸಿಗಳ ನಿತ್ಯದ ಕೆಲಸ. ಅದೇ ತತ್ವದಿಂದ ಇಂದು ಹಲವೆಡೆ ಕೆಟ್ಟ ದಿಬ್ಬಗಳಿಗೆ ತುಂಡುಗಳನ್ನು ನಾಟಿ ಮಾಡಲಾಗುತ್ತಿದೆ. ಗುಜರಾತಿನ ಮಿಠಾಪುರದ ಬಳಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 2020ರಲ್ಲಿ ಸಮುದ್ರದೊಳಗೆ ಉಕ್ಕಿನ ಚೌಕಟ್ಟು ಇಟ್ಟು, ಅದರಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ, ಅದರ ಮೇಲೆ ಹವಳದ ತುಂಡುಗಳನ್ನು ಕಟ್ಟಿತು. ವಿದ್ಯುತ್ತಿನಿಂದ ಚೌಕಟ್ಟಿನ ಮೇಲೆ ಸುಣ್ಣ ಕೂಡುತ್ತದೆ, ಹವಳಕ್ಕೆ ನೆಲೆ ಸಿಗುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ತೊಟ್ಟಿಯ ನೀರು ಬಿಸಿಯಾದರೆ ತಂಪು ಮಾಡುವ ಯಂತ್ರವಿದೆ. ಅರಬ್ಬೀ ಸಮುದ್ರಕ್ಕೆ ಅಂಥ ಯಂತ್ರವಿಲ್ಲ.

ಕೊನೆಗೆ ಮತ್ತೆ ನಮ್ಮ ಸೀಮೆಗೇ ಬರೋಣ. ಮೂಡಲಗಿ ತಾಲ್ಲೂಕಿನ ಯಾದವಾಡದ ಕಡೆ ಸಿಮೆಂಟಿಗಾಗಿ ಸುಣ್ಣದಕಲ್ಲು ತೆಗೆಯುತ್ತಾರೆ. ಭೂವಿಜ್ಞಾನಿಗಳು ಕಲಾದಗಿ ಶಿಲೆಗಳೆಂದು ಕರೆಯುವ ಈ ಸಮೂಹದ ಸುಣ್ಣದಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರವೊಂದರಲ್ಲಿ ಕೂಡಿದ್ದು. ಆಗ ಹವಳ ಹುಟ್ಟಿರಲೇ ಇಲ್ಲ. ಆದರೆ ಬೆಳಕು ತಿಂದು ಬದುಕುವ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳ ಗುರುತು ಕಲಾದಗಿ ಶಿಲೆಗಳಲ್ಲಿ ಉಳಿದಿದೆ. ಸಮುದ್ರ ದೂರವೆಂದು ತಿಳಿದವರ ಕಾಲಡಿಯಲ್ಲೇ ಒಂದು ಸಮುದ್ರ ಕಲ್ಲಾಗಿ ಮಲಗಿದೆ.

ಅಜ್ಜಿಯ ಡಬ್ಬಿಯ ಹವಳ ಇನ್ನು ನೂರು ವರ್ಷ ಕಳೆದರೂ ಕೆಂಪಾಗಿಯೇ ಇರುತ್ತದೆ. ಕಡಮತ್ತಿನ ಹವಳದ ಬಗ್ಗೆ ಹಾಗೆ ಹೇಳುವಂತಿಲ್ಲ. ಅದರ ಬಣ್ಣ ಉಳಿಯುವುದು ಅದು ಬದುಕಿರುವವರೆಗೆ ಮಾತ್ರ.