ಲೋಟಗಳ ಮೇಲೆ ಉತ್ಪತನ ಮುದ್ರಣ

ಉತ್ಪತನ ಮುದ್ರಣ ಅಥವಾ ಸಬ್ಲಿಮೇಷನ್ ಮುದ್ರಣವು ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಶಾಖ ಮತ್ತು ಒತ್ತಡದಿಂದ ಮತ್ತೊಂದು ವಸ್ತುವಿಗೆ ವರ್ಗಾಯಿಸುವ ವಿಧಾನವಾಗಿದೆ. ಪಾನೀಯದ ಸ್ಟೀಲ್ ಲೋಟಗಳನ್ನು (ಟಂಬ್ಲರ್) ಮನೆಯಲ್ಲಿ ಅಲಂಕರಿಸುವ ಹವ್ಯಾಸಿಗಳು ಇದನ್ನು ಬಳಸುತ್ತಾರೆ.

ತತ್ತ್ವ

ಕರ್ಪೂರದಂತಹ ಘನವಸ್ತುವು ದ್ರವವಾಗದೆ ನೇರವಾಗಿ ಅನಿಲವಾಗುವ ಕ್ರಿಯೆಯೇ ಉತ್ಪತನ. ಶಾಯಿಯಲ್ಲಿರುವ ಡಿಸ್ಪರ್ಸ್ ಬಣ್ಣವು ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅನಿಲವಾಗಿ, ಲೋಟದ ಪಾಲಿಯೆಸ್ಟರ್ ಲೇಪನದೊಳಗೆ ಸೇರುತ್ತದೆ. ಲೋಟ ತಣಿದಾಗ ಅಲ್ಲಿಯೇ ನೆಲೆಗೊಳ್ಳುತ್ತದೆ. ಆದ್ದರಿಂದ ಚಿತ್ರವು ಅಂಟುಚೀಟಿಯಂತೆ ಸುಲಿದು ಬರುವುದಿಲ್ಲ. ಲೇಪನವಿಲ್ಲದ ಸಾಮಾನ್ಯ ಸ್ಟೀಲ್ ಲೋಟದ ಮೇಲೆ ಈ ಬಣ್ಣ ನಿಲ್ಲುವುದಿಲ್ಲ. ಶಾಯಿಯು ಪಾರದರ್ಶಕವಾಗಿದ್ದು, ಅದರಲ್ಲಿ ಬಿಳಿ ಬಣ್ಣವಿರುವುದಿಲ್ಲ. ಹೀಗಾಗಿ ಬಿಳಿ ಅಥವಾ ತಿಳಿಬಣ್ಣದ ಲೋಟಗಳೇ ಸೂಕ್ತ.

ವಿಧಾನ

ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಲಾಗುತ್ತದೆ. ಇಲ್ಲವಾದರೆ ಲೋಟದ ಮೇಲೆ ಅಕ್ಷರಗಳು ತಿರುವುಮುರುವಾಗುತ್ತವೆ. ಲೋಟವನ್ನು ಒರೆಸಿ, ಕಾಗದವನ್ನು ಬಿಗಿಯಾಗಿ ಸುತ್ತಿ, ಶಾಖ ತಡೆಯುವ ಟೇಪಿನಿಂದ ಅಂಟಿಸುತ್ತಾರೆ. ಬಳಿಕ ಲೋಟವನ್ನು ಟಂಬ್ಲರ್ ಪ್ರೆಸ್ ಯಂತ್ರದಲ್ಲಿಡುತ್ತಾರೆ, ಅಥವಾ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಹೊದಿಕೆ ತೊಡಿಸಿ ಓವನ್‌ನಲ್ಲಿ ಕಾಯಿಸುತ್ತಾರೆ. ಕಾಗದ ಸಡಿಲವಾದರೆ ಅಥವಾ ಸರಿದರೆ ಅನಿಲವು ಹರಡಿ ಚಿತ್ರ ಮಸುಕಾಗುತ್ತದೆ.

ಸುರಕ್ಷತೆ ಮತ್ತು ಬಾಳಿಕೆ

ಕಾಯಿಸುವ ಮುನ್ನ ಪ್ಲಾಸ್ಟಿಕ್ ಮುಚ್ಚಳ ಮತ್ತು ರಬ್ಬರ್ ಭಾಗಗಳನ್ನು ತೆಗೆಯಬೇಕು. ಕಾಯಿಸುವಾಗ ಆವಿ ಹೊರಬರುವುದರಿಂದ ಕೋಣೆಯಲ್ಲಿ ಗಾಳಿಯಾಡುವಂತಿರಬೇಕು. ಈ ಕೆಲಸಕ್ಕೆ ಬಳಸಿದ ಓವನ್‌ನಲ್ಲಿ ಆಹಾರ ಬೇಯಿಸಬಾರದು. ಮುದ್ರಣವು ಲೋಟದ ಹೊರಮೈಗೆ ಮಾತ್ರ ಸೀಮಿತವಾಗಿರಬೇಕು. ಒರಟು ನಾರಿನಿಂದ ಉಜ್ಜಿದರೆ ಲೇಪನ ಸವೆಯುತ್ತದೆ; ದೀರ್ಘಕಾಲ ಬಿಸಿಲಿಗೆ ಒಡ್ಡಿದರೆ ಬಣ್ಣ ಮಾಸುತ್ತದೆ.